ಹಿಮದಡಿ ಚಳಿಗಾಲ ಕಳೆಯುವ ಗೆಡ್ಡೆಹೂಗಳು: ನೆಡುವುದು ಹೇಗೆ, ವರ್ಷವರ್ಷ ಉಳಿಸಿಕೊಳ್ಳುವುದು ಹೇಗೆ

‘ಒಮ್ಮೆ ನೆಡಿ, ಪ್ರತಿವರ್ಷ ಹೂ ಪಡೆಯಿರಿ’ ಎಂಬ ಮಾತು ಗೆಡ್ಡೆಗಳ ಪೊಟ್ಟಣದ ಮೇಲೆ ಸಾಮಾನ್ಯ. ಡ್ಯಾಫೋಡಿಲ್ ಮಟ್ಟಿಗೆ ಅದು ನಿಜ, ಟ್ಯುಲಿಪ್ ಮಟ್ಟಿಗೆ ಅರ್ಧ ಮಾತ್ರ ನಿಜ. ಮೊದಲ ವಸಂತದಲ್ಲಿ ಮಡಿ ತುಂಬ ಟ್ಯುಲಿಪ್ ಅರಳುತ್ತದೆ, ಎರಡನೇ ವರ್ಷ ಅರ್ಧಕ್ಕಿಳಿಯುತ್ತದೆ, ಮೂರನೇ ವರ್ಷ ಬರೀ ಅಗಲ ಎಲೆಗಳು ಉಳಿಯುತ್ತವೆ. ಆಗ ‘ನಮ್ಮ ಕೈಗುಣವೇ ಸರಿಯಿಲ್ಲ’ ಎಂದುಕೊಂಡು ಸುಮ್ಮನಾಗುವವರು ಬಹಳ. ಇದಕ್ಕೆ ಕಾರಣ ಹುಡುಕಿದರೆ ಮೂರೇ ಕಡೆ ಸಿಗುತ್ತದೆ: ಆರಿಸಿದ ತಳಿ, ನೆಟ್ಟ ಆಳ, ಹೂ ಬಾಡಿದ ಮೇಲಿನ ಆರು ವಾರ.

ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವ ಊರುಗಳಲ್ಲಿ, ಅಂದರೆ ಶಿಕಾಗೊ, ನ್ಯೂಜೆರ್ಸಿ, ಬಾಸ್ಟನ್, ಟೊರಾಂಟೊ ಕಡೆ ಮನೆ ಮಾಡಿಕೊಂಡಿರುವ ಕನ್ನಡಿಗರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಇಂಗ್ಲೆಂಡಿನವರಿಗೆ ಕೆಲವು ವ್ಯತ್ಯಾಸಗಳಿವೆ, ಅವನ್ನು ಆಯಾ ಜಾಗದಲ್ಲಿ ಹೇಳಿದೆ. ಡಲ್ಲಾಸ್, ಕ್ಯಾಲಿಫೋರ್ನಿಯಾ, ಬೆಂಗಳೂರಿನಂಥ ಬೆಚ್ಚನೆಯ ಊರುಗಳ ಮಾತು ಕೊನೆಯ ಭಾಗದಲ್ಲಿದೆ.

ಗೆಡ್ಡೆಯೊಳಗೆ ಏನಿದೆ

ಸೆಪ್ಟೆಂಬರ್‌ನಲ್ಲಿ ಕೊಂಡ ಟ್ಯುಲಿಪ್ ಗೆಡ್ಡೆಯೊಂದನ್ನು ಉದ್ದಕ್ಕೆ ಸೀಳಿ ನೋಡಿ. ಒಂದು ಗೆಡ್ಡೆ ಹಾಳಾದರೂ ಅಡ್ಡಿಯಿಲ್ಲ, ಮುಂದಿನ ಕೆಲಸವೆಲ್ಲ ಯಾಕೆಂದು ಅರ್ಥವಾಗುತ್ತದೆ. ತಳದಲ್ಲಿ ಗಟ್ಟಿಯಾದ ಬಿಲ್ಲೆ ಇರುತ್ತದೆ, ಬೇರು ಹೊರಡುವುದು ಅದರ ಅಂಚಿನಿಂದ. ಅದರ ಮೇಲೆ ದಪ್ಪನೆಯ ಬಿಳಿ ಪದರಗಳು, ಅದು ಆಹಾರದ ದಾಸ್ತಾನು. ನಟ್ಟನಡುವೆ ತಿಳಿಹಳದಿ ಬಣ್ಣದ ಪುಟ್ಟ ಮೊಳಕೆ. ಮೊಳಕೆಯನ್ನು ಸೂಜಿಯಿಂದ ಬಿಡಿಸಿದರೆ ಎಲೆಗಳ ಒಳಗೆ ಎಸಳು, ಕೇಸರ ಎಲ್ಲವೂ ಇರುವ ಹೂವೊಂದು ಆಗಲೇ ಸಿದ್ಧವಾಗಿರುತ್ತದೆ.

ಅಂದರೆ ಮೊದಲ ವರ್ಷದ ಹೂ ಗೆಡ್ಡೆ ಬೆಳೆದ ರೈತನ ದುಡಿಮೆ. ನೀವು ನೆಟ್ಟು ನೀರು ಹಾಕಿದರೆ ಸಾಕು, ಅದು ಅರಳಿಯೇ ಅರಳುತ್ತದೆ. ಎರಡನೇ ವರ್ಷದ ಹೂ ಮಾತ್ರ ನಿಮ್ಮದು.

ಒಳಗಿನ ಆ ಹೂ ಮೇಲೇಳಲು ಚಳಿ ಬೇಕು. ಟ್ಯುಲಿಪ್‌ಗೆ ಸುಮಾರು 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪು 12ರಿಂದ 16 ವಾರ ಸಿಗಬೇಕು. ಈ ಅವಧಿಯಲ್ಲಿ ಪದರಗಳಲ್ಲಿರುವ ಪಿಷ್ಟ ಸಕ್ಕರೆಯಾಗಿ ಒಡೆಯುತ್ತದೆ, ದಂಟಿಗೆ ಉದ್ದವಾಗುವ ಶಕ್ತಿ ಬರುತ್ತದೆ. ಚಳಿ ಸಾಲದೆ ಹೋದರೆ ಹೂ ನೆಲಮಟ್ಟದಲ್ಲೇ, ಎಲೆಗಳ ನಡುವೆ ಸಿಕ್ಕಿಕೊಂಡು ಅರಳುತ್ತದೆ, ಇಲ್ಲವೇ ಮೊಗ್ಗಿನಲ್ಲೇ ಒಣಗುತ್ತದೆ.

ಡ್ಯಾಫೋಡಿಲ್‌ಗೂ ಟ್ಯುಲಿಪ್‌ಗೂ ಇರುವ ದೊಡ್ಡ ವ್ಯತ್ಯಾಸ ಹೂ ಮುಗಿದ ಮೇಲೆ ಶುರುವಾಗುತ್ತದೆ. ಡ್ಯಾಫೋಡಿಲ್‌ನ ಅದೇ ಗೆಡ್ಡೆ ಬದುಕಿದ್ದು, ಹೊಸ ಪದರ ಕಟ್ಟಿಕೊಂಡು, ಪಕ್ಕದಲ್ಲಿ ಮರಿಗಳನ್ನು ಹಾಕುತ್ತಾ ಹೋಗುತ್ತದೆ. ಟ್ಯುಲಿಪ್‌ನ ತಾಯಿಗೆಡ್ಡೆ ಪೂರ್ತಿ ಕರಗಿ ಹೋಗುತ್ತದೆ. ಜೂನ್ ಹೊತ್ತಿಗೆ ಅದರ ಜಾಗದಲ್ಲಿ ಎರಡೋ ಮೂರೋ ಮರಿಗೆಡ್ಡೆಗಳಿರುತ್ತವೆ. ಅವುಗಳಲ್ಲಿ ಒಂದಾದರೂ ಸಾಕಷ್ಟು ದಪ್ಪವಾದರೆ ಮುಂದಿನ ವರ್ಷ ಹೂ ಉಂಟು. ಎಲ್ಲವೂ ಸಣ್ಣವಾಗಿಯೇ ಉಳಿದರೆ ಪ್ರತಿಯೊಂದರಿಂದಲೂ ಒಂದೊಂದು ಅಗಲ ಎಲೆ ಬರುತ್ತದೆ, ಹೂ ಇಲ್ಲ.

ಹುಟ್ಟೂರಿನ ಹವೆಯನ್ನೂ ನೆನಪಿಡಬೇಕು. ಕಾಡು ಟ್ಯುಲಿಪ್‌ಗಳು ಮಧ್ಯ ಏಷ್ಯಾದ ತಿಯೆನ್ ಶಾನ್, ಪಾಮಿರ್ ಬೆಟ್ಟಗಳವು. ಅಲ್ಲಿ ಕಡುಚಳಿ, ವಸಂತದಲ್ಲಿ ಸ್ವಲ್ಪ ತೇವ, ಬೇಸಿಗೆಯಲ್ಲಿ ಒಣ ಬಿಸಿಲು. ಡ್ಯಾಫೋಡಿಲ್ ಸ್ಪೇನ್, ಪೋರ್ಚುಗಲ್ ಸುತ್ತಿನದು, ಅದರ ಎಷ್ಟೋ ಜಾತಿಗಳು ವಸಂತದಲ್ಲಿ ತೇವವಿರುವ ಹುಲ್ಲುಗಾವಲಿನವು. ಬೇಸಿಗೆಯಿಡೀ ಸ್ಪ್ರಿಂಕ್ಲರ್ ತಿರುಗುವ ಹುಲ್ಲುಹಾಸಿನ ಅಂಚಿನಲ್ಲಿ ಡ್ಯಾಫೋಡಿಲ್ ತಾಳಿಕೊಳ್ಳುವುದೂ ಟ್ಯುಲಿಪ್ ಕೊಳೆಯುವುದೂ ಇದೇ ಕಾರಣಕ್ಕೆ. ಕಾಶ್ಮೀರದ ಹವೆ ಟ್ಯುಲಿಪ್‌ಗೆ ಒಗ್ಗುತ್ತದೆ. ಶ್ರೀನಗರದಲ್ಲಿ ಜಬರ್‌ವಾನ್ ಬೆಟ್ಟದ ತಪ್ಪಲಿನ ಟ್ಯುಲಿಪ್ ತೋಟ ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ತುಂಬಿ ನಿಲ್ಲುತ್ತದೆ.

ಏನನ್ನು ಕೊಳ್ಳಬೇಕು

ಮೊದಲು ನಿಮ್ಮ ಊರಿನ ವಲಯ ತಿಳಿದುಕೊಳ್ಳಿ. ಅಮೆರಿಕದಲ್ಲಿ ಅಲ್ಲಿನ ಕೃಷಿ ಇಲಾಖೆಯ (ಯುಎಸ್‌ಡಿಎ) ನಕ್ಷೆ ಬಳಕೆಯಲ್ಲಿದೆ, 2023ರಲ್ಲಿ ಅದನ್ನು ಪರಿಷ್ಕರಿಸಿದ್ದಾರೆ. ಪಿನ್‌ಕೋಡ್ ಕೊಟ್ಟರೆ ವಲಯದ ಸಂಖ್ಯೆ ಬರುತ್ತದೆ. ಆ ಸಂಖ್ಯೆ ಹೇಳುವುದು ಚಳಿಗಾಲದ ಅತಿ ಕನಿಷ್ಠ ಉಷ್ಣಾಂಶದ ಸರಾಸರಿಯನ್ನಷ್ಟೇ: 5ನೇ ವಲಯವೆಂದರೆ ಮೈನಸ್ 20ರಿಂದ ಮೈನಸ್ 10 ಫ್ಯಾರನ್‌ಹೀಟ್, 6 ಎಂದರೆ ಮೈನಸ್ 10ರಿಂದ ಸೊನ್ನೆ. ಟ್ಯುಲಿಪ್ 4ರಿಂದ 7ರವರೆಗೆ ಚೆನ್ನಾಗಿ ಬರುತ್ತದೆ. ಡ್ಯಾಫೋಡಿಲ್, ಕ್ರೋಕಸ್, ದ್ರಾಕ್ಷಿಗೊಂಚಲಿನಂಥ ನೀಲಿ ಹೂವಿನ ಮಸ್ಕಾರಿಗಳಿಗೆ ಇದಕ್ಕಿಂತ ಸ್ವಲ್ಪ ಅಗಲವಾದ ಹರವಿದೆ.

ವರ್ಷವರ್ಷ ಹೂ ಬೇಕೆನ್ನುವವರ ಮಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಡ್ಯಾಫೋಡಿಲ್ ಇರಲಿ. ‘ಟೆಟ್ ಅ ಟೆಟ್’ ಗಿಡ್ಡ ತಳಿ, ಗಾಳಿಗೆ ಬೀಳುವುದಿಲ್ಲ. ‘ಐಸ್ ಫಾಲೀಸ್’, ‘ಕಾರ್ಲ್‌ಟನ್’, ‘ಡಚ್ ಮಾಸ್ಟರ್’ ದೊಡ್ಡ ಹೂವಿನ ಗಟ್ಟಿ ತಳಿಗಳು. ಟ್ಯುಲಿಪ್‌ನಲ್ಲಿ ‘ಡಾರ್ವಿನ್ ಹೈಬ್ರಿಡ್’ ಎಂದು ಬರೆದಿರುವುದನ್ನೇ ಹುಡುಕಿ. ‘ಅಪೆಲ್ಡೋರ್ನ್’, ‘ಪಿಂಕ್ ಇಂಪ್ರೆಶನ್’ ಈ ಗುಂಪಿನವು, ಒಳ್ಳೆಯ ಜಾಗದಲ್ಲಿ ಹಲವು ವರ್ಷ ಬರುತ್ತವೆ. ಇವಕ್ಕಿಂತಲೂ ನಂಬಿಕೆಯವು ಕಾಡುಜಾತಿಗೆ ಹತ್ತಿರದ ಪುಟ್ಟ ಟ್ಯುಲಿಪ್‌ಗಳು: ಹಳದಿ–ಬಿಳಿಯ ಟಾರ್ಡಾ, ಕೆಂಪು–ಬಿಳಿಯ ಕ್ಲೂಸಿಯಾನಾ. ಹೂ ಸಣ್ಣದು ನಿಜ, ಆದರೆ ಇವು ಕಡಿಮೆಯಾಗುವ ಬದಲು ಹರಡುತ್ತವೆ. ಗಿಳಿಯ ಪುಕ್ಕದಂತೆ ಸೀಳಿದ ಎಸಳಿನವು, ಅನೇಕ ಸುತ್ತಿನವು, ಅಂಚಿಗೆ ಝಾಲರಿ ಇರುವವು ಕಣ್ಣಿಗೆ ಹಬ್ಬವೇ. ಅವನ್ನು ಒಂದೇ ವರ್ಷದ ಹೂ ಎಂದು ಲೆಕ್ಕ ಹಾಕಿಯೇ ಕೊಳ್ಳಿ.

ಗೆಡ್ಡೆಯ ಗಾತ್ರವನ್ನು ಸುತ್ತಳತೆಯ ಸೆಂಟಿಮೀಟರ್‌ನಲ್ಲಿ ಬರೆದಿರುತ್ತಾರೆ, 14/16 ಎಂದರೆ 14ರಿಂದ 16 ಸೆಂಟಿಮೀಟರ್. ಟ್ಯುಲಿಪ್ 12 ಅಥವಾ ಅದಕ್ಕೂ ಮೇಲೆ, ಡ್ಯಾಫೋಡಿಲ್ 14/16, ಕ್ರೋಕಸ್ 7/8ರಿಂದ ಮೇಲೆ, ಮಸ್ಕಾರಿ 8/9 ಇದ್ದರೆ ಒಳ್ಳೆಯ ಮಾಲು. ಅಗ್ಗಕ್ಕೆ ಸಿಗುವ ದೊಡ್ಡ ಚೀಲಗಳಲ್ಲಿ 10/11ರ ಟ್ಯುಲಿಪ್ ತುಂಬಿರುವುದುಂಟು. ಬೆಲೆಗಿಂತ ಮೊದಲು ಈ ಸಂಖ್ಯೆಯನ್ನು ನೋಡಬೇಕು.

ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ಪರೀಕ್ಷಿಸಿ. ಗಾತ್ರಕ್ಕೆ ತಕ್ಕ ತೂಕವಿರಬೇಕು, ಒತ್ತಿದರೆ ಗಟ್ಟಿಯಾಗಿರಬೇಕು. ಹೊರಗಿನ ಕಂದು ಸಿಪ್ಪೆ ಕಳಚಿಹೋಗಿದ್ದರೆ ತೊಂದರೆಯಿಲ್ಲ. ಸಿಪ್ಪೆಯ ಮೇಲೆ ನೀಲಿ–ಹಸಿರು ಬೂಷ್ಟು ಕಂಡರೆ ಒರೆಸಿ, ಕೆಳಗಿನ ತಿರುಳು ಬಿಳಿಯಾಗಿ ಗಟ್ಟಿಯಾಗಿದ್ದರೆ ನೆಡಬಹುದು. ಬೆಂಡಿನಂತೆ ಹಗುರಾಗಿರುವ, ಹುಳಿ ವಾಸನೆ ಬರುವ ಟ್ಯುಲಿಪ್ ಗೆಡ್ಡೆ ಮಾತ್ರ ಬೇಡ. ಅದಕ್ಕೆ ಫ್ಯುಸೇರಿಯಮ್ ಶಿಲೀಂಧ್ರ ತಗಲಿದೆ. ಅಂಥ ಗೆಡ್ಡೆ ಎಥಿಲೀನ್ ಅನಿಲ ಬಿಡುತ್ತದೆ, ಅದೇ ಚೀಲದ ಉಳಿದ ಗೆಡ್ಡೆಗಳ ಹೂಮೊಳಕೆಯೂ ಸಾಯುತ್ತದೆ.

ಊರಿನ ಹೂಗಳ ವಿಷಯದಲ್ಲಿ ಒಂದು ಮಾತು. ಮಲೆನಾಡಿನ ಡೇರೆ, ಸುಗಂಧರಾಜ, ಗ್ಲಾಡಿಯೋಲಸ್, ಕಾಬಾಳೆ ಇವೂ ಗೆಡ್ಡೆಗಳೇ, ಆದರೆ ಹೆಪ್ಪುಗಟ್ಟಿದ ನೆಲದಲ್ಲಿ ಇವು ಬದುಕುವುದಿಲ್ಲ. ಇವನ್ನು ವಸಂತದ ಕೊನೆಯ ಹಿಮ ಕಳೆದ ಮೇಲೆ ನೆಟ್ಟು, ಚಳಿಗಾಲಕ್ಕೆ ಮೊದಲು ಅಗೆದು ಒಳಗಿಡಬೇಕು. ಈ ಲೇಖನದ ಕ್ರಮ ಅವಕ್ಕೆ ತಲೆಕೆಳಗು.

ಯಾವಾಗ ನೆಡಬೇಕು

ಆರು ಇಂಚು ಆಳದಲ್ಲಿ ಮಣ್ಣಿನ ಬಿಸಿ 55 ಫ್ಯಾರನ್‌ಹೀಟ್‌ಗೆ, ಅಂದರೆ 13 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ. ಅಡುಗೆಮನೆಯ ಮಾಂಸದ ಥರ್ಮಾಮೀಟರನ್ನೋ ಹತ್ತು ಡಾಲರಿನ ಮಣ್ಣಿನ ಥರ್ಮಾಮೀಟರನ್ನೋ ಬೆಳಗ್ಗೆ ಚುಚ್ಚಿ ನೋಡಿದರೆ ಗೊತ್ತಾಗುತ್ತದೆ. ಅದಿಲ್ಲದಿದ್ದರೆ ರಾತ್ರಿಯ ಉಷ್ಣಾಂಶ ಎರಡು ವಾರ ಸತತವಾಗಿ 40–50 ಫ್ಯಾರನ್‌ಹೀಟ್ ಇರುವ ಹೊತ್ತು. ಶಿಕಾಗೊ, ಟೊರಾಂಟೊ ಕಡೆ ದಸರೆಯ ಗೊಂಬೆ ಎತ್ತಿಟ್ಟ ಮೇಲೆ ಶುರು ಮಾಡಿದರೆ ದೀಪಾವಳಿಯೊಳಗೆ ಮುಗಿಸಬಹುದು. ನ್ಯೂಜೆರ್ಸಿಯಲ್ಲಿ ನವೆಂಬರ್ ಮಧ್ಯದವರೆಗೂ ಸಮಯವಿದೆ.

ಬೇಗ ನೆಟ್ಟರೆ ಬಿಸಿಮಣ್ಣಿನಲ್ಲಿ ಶಿಲೀಂಧ್ರ ಚುರುಕಾಗಿ ಗೆಡ್ಡೆ ಕೊಳೆಯುತ್ತದೆ. ತಡವಾದರೆ ನೆಲ ಹೆಪ್ಪುಗಟ್ಟುವ ಮುನ್ನ ಬೇರೂರಲು ಬೇಕಾದ ಆರು ವಾರ ಸಿಗುವುದಿಲ್ಲ. ಆದರೂ ಮರೆತು ಗ್ಯಾರೇಜಿನಲ್ಲಿ ಉಳಿದ ಚೀಲ ಡಿಸೆಂಬರ್‌ನಲ್ಲಿ ಕಣ್ಣಿಗೆ ಬಿದ್ದರೆ, ಸಲಿಕೆ ಇಳಿಯುವಷ್ಟು ನೆಲ ಮೆತ್ತಗಿದ್ದರೆ ಆಗಲೇ ನೆಟ್ಟುಬಿಡಿ. ಮುಂದಿನ ವರ್ಷಕ್ಕೆಂದು ಇಟ್ಟ ಗೆಡ್ಡೆ ಒಣಗಿ ಸಾಯುವುದು ಖಚಿತ, ತಡವಾಗಿ ನೆಟ್ಟದ್ದು ಗಿಡ್ಡವಾಗಿಯಾದರೂ ಹೂ ಬಿಟ್ಟೀತು.

ಇಂಗ್ಲೆಂಡಿನಲ್ಲಿ ಡ್ಯಾಫೋಡಿಲ್ ಸೆಪ್ಟೆಂಬರ್‌ನಲ್ಲೇ ನೆಡುವುದು ರೂಢಿ. ಅಲ್ಲಿ ಟ್ಯುಲಿಪ್ ಮಾತ್ರ ನವೆಂಬರ್‌ವರೆಗೆ ಕಾಯಬೇಕು. ಒದ್ದೆ, ಬೆಚ್ಚನೆಯ ಮಣ್ಣಿನಲ್ಲಿ ಟ್ಯುಲಿಪ್‌ಗೆ ಎಲೆ ಸುಟ್ಟಂತಾಗುವ ಬೆಂಕಿರೋಗ ಹತ್ತುತ್ತದೆ, ಚಳಿ ಬಿದ್ದ ಮೇಲೆ ಅದರ ಕಾಟ ಕಡಿಮೆ. ಸ್ನೋಡ್ರಾಪ್‌ನ ಒಣಗೆಡ್ಡೆ ಅಲ್ಲಿ ಕೊಳ್ಳಬೇಡಿ. ಹೂ ಮುಗಿದ ಕೂಡಲೇ, ಎಲೆ ಇನ್ನೂ ಹಸಿರಾಗಿರುವಾಗ ಕಿತ್ತು ಮಾರುವ ಕಟ್ಟುಗಳು ಸಿಗುತ್ತವೆ, ಅವು ಚೆನ್ನಾಗಿ ಹತ್ತಿಕೊಳ್ಳುತ್ತವೆ.

ಜಾಗ ಮತ್ತು ಮಣ್ಣು

ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ಎಲೆ ಉದುರಿಸುವ ಮರದಡಿ ಡ್ಯಾಫೋಡಿಲ್, ಕ್ರೋಕಸ್, ನೀಲಿಯ ಪುಟ್ಟ ಹೂವಿನ ಸಿಲ್ಲಾ ನಡೆಯುತ್ತದೆ, ಯಾಕೆಂದರೆ ಮರ ಚಿಗುರುವಷ್ಟರಲ್ಲಿ ಅವುಗಳ ಕೆಲಸ ಬಹುಪಾಲು ಮುಗಿದಿರುತ್ತದೆ. ಮನೆಯ ದಕ್ಷಿಣದ ಗೋಡೆಗೆ ಅಂಟಿಕೊಂಡ ಜಾಗ ಬೇಗ ಬಿಸಿಯಾಗಿ ಮೊಳಕೆಯನ್ನು ಫೆಬ್ರವರಿಯಲ್ಲೇ ಎಬ್ಬಿಸುತ್ತದೆ. ಗೋಡೆಯಿಂದ ಎರಡಡಿಯಾದರೂ ಬಿಡಿ.

ಗೆಡ್ಡೆಯನ್ನು ಕೊಲ್ಲುವುದು ಚಳಿಗಿಂತ ಹೆಚ್ಚಾಗಿ ನಿಂತ ನೀರು. ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ, ಇಂಗಿದ ಮೇಲೆ ಇನ್ನೊಮ್ಮೆ ತುಂಬಿಸಿ. ಎರಡನೇ ಸಲದ ನೀರು ಕೆಲವೇ ಗಂಟೆಗಳಲ್ಲಿ ಇಂಗಿದರೆ ಜಾಗ ಸರಿಯಾಗಿದೆ. ಮರುದಿನವೂ ನೀರು ನಿಂತಿದ್ದರೆ ಅಲ್ಲಿ ಅಗೆದು ನೆಡುವ ಯೋಚನೆ ಬಿಡಿ, ನೆಲದ ಮೇಲೆ ಎಂಟು–ಹತ್ತು ಇಂಚು ಎತ್ತರದ ಮಡಿ ಕಟ್ಟಿ. ಜೇಡಿಮಣ್ಣಿಗೆ ಮರಳು ಸುರಿಯುವುದು ಬಹಳ ಜನ ಮಾಡುವ ಕೆಲಸ. ಸ್ವಲ್ಪ ಮರಳು ಸೇರಿದ ಜೇಡಿ ಮೊದಲಿಗಿಂತ ಗಟ್ಟಿಯಾಗುತ್ತದೆಯೇ ಹೊರತು ಸಡಿಲವಾಗುವುದಿಲ್ಲ. ಎರಡು–ಮೂರು ಇಂಚು ಕಾಂಪೋಸ್ಟ್ ಹರಡಿ, ಒಂದಡಿ ಆಳದವರೆಗೆ ಕಲಸುವುದು ಸರಿಯಾದ ದಾರಿ. ಹಸಿ ಸಗಣಿ, ಪೂರ್ತಿ ಕಳಿಯದ ಗೊಬ್ಬರ ಗೆಡ್ಡೆಯ ಹತ್ತಿರ ಬೇಡ.

ರಸಗೊಬ್ಬರ ಹಾಕುವುದಾದರೆ 10 ಚದರಡಿಗೆ ಐದು ದೊಡ್ಡ ಚಮಚ 10-10-10 (ಸಾರಜನಕ, ರಂಜಕ, ಪೊಟ್ಯಾಷ್‌ಗಳ ಶೇಕಡಾ ಪ್ರಮಾಣ) ಮಣ್ಣಿಗೆ ಬೆರೆಸಿ. ಗುಂಡಿಯೊಳಗೆ ಗೆಡ್ಡೆಯ ತಳಕ್ಕೆ ನೇರವಾಗಿ ಸುರಿದರೆ ಬೇರು ಸುಡುತ್ತದೆ. ಮೂಳೆಪುಡಿ ಹಾಕಲೇಬೇಕೆಂಬುದು ಹಳೆಯ ಪದ್ಧತಿ. ಬಹಳಷ್ಟು ಮನೆತೋಟಗಳ ಮಣ್ಣಿನಲ್ಲಿ ರಂಜಕ ಸಾಕಷ್ಟಿರುತ್ತದೆ, ಮೂಳೆಯ ವಾಸನೆಗೆ ನಾಯಿಗಳೂ ಸ್ಕಂಕುಗಳೂ ಬಂದು ಮಡಿ ಕೆದರುತ್ತವೆ.

ನೆಡುವ ಕ್ರಮ

ಆಳದ ಲೆಕ್ಕ ಸುಲಭ: ಗೆಡ್ಡೆಯ ಎತ್ತರದ ಮೂರರಷ್ಟು, ಮಣ್ಣಿನ ಮೇಲ್ಮೈಯಿಂದ ಗೆಡ್ಡೆಯ ತಳದವರೆಗೆ ಅಳೆದು. ಡ್ಯಾಫೋಡಿಲ್, ಹಯಸಿಂತ್ ಆರರಿಂದ ಏಳು ಇಂಚು. ಕ್ರೋಕಸ್, ಮಸ್ಕಾರಿ, ಸಿಲ್ಲಾ ಮೂರರಿಂದ ನಾಲ್ಕು. ಈರುಳ್ಳಿ ಕುಲದ ದೊಡ್ಡ ಅಲಿಯಮ್ ಎಂಟು. ಟ್ಯುಲಿಪ್ ಆರು ಇಂಚಿಗೆ ನೆಟ್ಟರೂ ಮೊದಲ ವರ್ಷ ಅರಳುತ್ತದೆ, ಆದರೆ ಅದು ಉಳಿಯಬೇಕೆಂದಿದ್ದರೆ ಎಂಟು ಇಂಚಿಗೆ ಇಳಿಸಿ. ಆಳದಲ್ಲಿ ತಾಯಿಗೆಡ್ಡೆ ಸಣ್ಣಸಣ್ಣ ಚೂರುಗಳಾಗಿ ಒಡೆಯುವುದು ಕಡಿಮೆ, ಬೇಸಿಗೆಯ ಬಿಸಿಯೂ ನೀರೂ ಅಲ್ಲಿಗೆ ಅಷ್ಟಾಗಿ ಮುಟ್ಟುವುದಿಲ್ಲ. ಗಟ್ಟಿ ಜೇಡಿಯಲ್ಲಿ ಮಾತ್ರ ಎಲ್ಲ ಅಳತೆಯಲ್ಲೂ ಒಂದಿಂಚು ಕಡಿಮೆ ಮಾಡಿ.

ಒಂದೊಂದು ಗೆಡ್ಡೆಗೂ ಒಂದೊಂದು ರಂಧ್ರ ಕೊರೆಯುವ ಕೊಳವೆಯಂಥ ಸಾಧನ ಅಂಗಡಿಯಲ್ಲಿ ಸಿಗುತ್ತದೆ. ಮೆತ್ತನೆ ಮಣ್ಣಿನಲ್ಲಿ ಅದು ಸರಿ. ಜೇಡಿಯಲ್ಲಿ ಅದು ರಂಧ್ರದ ಗೋಡೆಯನ್ನು ಉಜ್ಜಿ ನುಣುಪು ಮಾಡುತ್ತದೆ, ಗೆಡ್ಡೆಯ ಕೆಳಗೆ ಗಾಳಿಯ ಪೊಳ್ಳು ಉಳಿಯುತ್ತದೆ, ಅಲ್ಲಿ ನೀರು ತುಂಬಿ ಬೇರು ಹೊರಡುವ ಮುನ್ನವೇ ತಳ ಕೊಳೆಯುತ್ತದೆ. ಅದಕ್ಕಿಂತ ಸಲಿಕೆಯಿಂದ ಒಂದಡಿ ಅಗಲದ ಗುಂಡಿ ತೋಡಿ ಏಳೆಂಟು ಡ್ಯಾಫೋಡಿಲ್ ಒಟ್ಟಿಗೆ ಇಡುವುದು ಬೇಗ ಆಗುವ ಕೆಲಸ, ನೋಟಕ್ಕೂ ಚೆನ್ನ. ಸಾಲಿನಲ್ಲಿ ಒಂದೊಂದೇ ನಿಂತ ಟ್ಯುಲಿಪ್ ಬಡವಾಗಿ ಕಾಣುತ್ತದೆ.

ಗುಂಡಿಯ ತಳದ ಎರಡಿಂಚು ಮಣ್ಣನ್ನು ಕೈಸಲಿಕೆಯಿಂದ ಸಡಿಲಿಸಿ. ಗೆಡ್ಡೆಗಳನ್ನು ಮೊನೆ ಮೇಲಾಗಿ ಇಡಿ, ನಡುವೆ ಗೆಡ್ಡೆಯ ದಪ್ಪದ ಎರಡರಷ್ಟು ಅಂತರ ಬಿಡಿ: ಟ್ಯುಲಿಪ್‌ಗೆ ನಾಲ್ಕರಿಂದ ಐದು ಇಂಚು, ಕ್ರೋಕಸ್‌ಗೆ ಎರಡರಿಂದ ಮೂರು. ಮಣ್ಣಿಗೆ ಒತ್ತಿ ತಿರುಚಬೇಡಿ, ತಳದ ಬಿಲ್ಲೆಗೆ ಪೆಟ್ಟಾದರೆ ಬೇರು ಬರುವುದಿಲ್ಲ. ಕ್ರೋಕಸ್‌ನಂಥವುಗಳಲ್ಲಿ ಮೇಲು–ಕೆಳಗು ತಿಳಿಯದಿದ್ದರೆ ಅಡ್ಡಡ್ಡ ಮಲಗಿಸಿ, ಅದರ ಎಳೆಯುವ ಬೇರುಗಳು ವರ್ಷ ಕಳೆದಂತೆ ಸರಿಯಾದ ಆಳಕ್ಕೆ ಜಗ್ಗಿಕೊಳ್ಳುತ್ತವೆ.

ಒಂದೇ ಜಾಗದಲ್ಲಿ ಎರಡು ಅಂತಸ್ತು ಮಾಡಬಹುದು. ಎಂಟು ಇಂಚಿನಲ್ಲಿ ಟ್ಯುಲಿಪ್ ಇಟ್ಟು, ಅದು ಮುಚ್ಚುವಷ್ಟು ಮಣ್ಣು ತುಂಬಿ, ನಾಲ್ಕು ಇಂಚಿನಲ್ಲಿ ಮಸ್ಕಾರಿ ಹರಡಿ. ಕೆಳಗಿನ ಮೊಳಕೆ ಮೇಲಿನದನ್ನು ಬಳಸಿಕೊಂಡು ಬರುತ್ತದೆ. ಮೂರಡಿಗೆ ಆರಡಿಯ ಮುಂಬಾಗಿಲ ಮಡಿಯೊಂದಕ್ಕೆ 40 ಡ್ಯಾಫೋಡಿಲ್, 25 ಡಾರ್ವಿನ್ ಟ್ಯುಲಿಪ್, 50 ಮಸ್ಕಾರಿ, ಅಂಚಿಗೆ 50 ಕ್ರೋಕಸ್, ಹಿಂಬದಿಗೆ ಐದು ‘ಪರ್ಪಲ್ ಸೆನ್ಸೇಶನ್’ ಅಲಿಯಮ್ ಸಾಕಾಗುತ್ತದೆ. ಹಿಮ ಕರಗುವಾಗ ಕ್ರೋಕಸ್, ಯುಗಾದಿಯ ಆಸುಪಾಸಿಗೆ ಡ್ಯಾಫೋಡಿಲ್, ಏಪ್ರಿಲ್ ಕೊನೆಗೆ ಟ್ಯುಲಿಪ್ ಮತ್ತು ಮಸ್ಕಾರಿ, ಮೇ ಕೊನೆಗೆ ಅಲಿಯಮ್, ಹೀಗೆ ಸುಮಾರು ಎರಡೂವರೆ ತಿಂಗಳು ಮಡಿ ಖಾಲಿ ಬೀಳುವುದಿಲ್ಲ. ಶಿಕಾಗೊ, ಟೊರಾಂಟೊಗಳಲ್ಲಿ ಇದೆಲ್ಲ ಒಂದೆರಡು ವಾರ ಹಿಂದೆ ಬೀಳುತ್ತದೆ.

ಮಣ್ಣು ಮುಚ್ಚಿದ ಮೇಲೆ ಒಮ್ಮೆ ಧಾರಾಳವಾಗಿ, ಎಂಟು ಇಂಚು ಕೆಳಗೂ ತೇವ ಮುಟ್ಟುವಂತೆ ನೀರು ಕೊಡಿ. ಬೇರನ್ನು ಎಬ್ಬಿಸುವುದು ಈ ನೀರೇ. ಮುಂದೆ ಮಳೆಯಿಲ್ಲದಿದ್ದರೆ ಮಾತ್ರ ವಾರಕ್ಕೊಮ್ಮೆ.

ಹಯಸಿಂತ್ ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ, ಅದರ ಸಿಪ್ಪೆಯ ಪುಡಿಗೆ ಕೈ ತುರಿಸುತ್ತದೆ. ಮುಖ್ಯವಾಗಿ, ಯಾವ ಗೆಡ್ಡೆಯನ್ನೂ ಅಡುಗೆಮನೆಯಲ್ಲಿ ಇಡಬೇಡಿ. ಡ್ಯಾಫೋಡಿಲ್ ಗೆಡ್ಡೆ ನೋಡಲು ಥೇಟ್ ಈರುಳ್ಳಿ. ತಿಂದರೆ ವಾಂತಿ, ಹೊಟ್ಟೆನೋವು ತಪ್ಪಿದ್ದಲ್ಲ. ಊರಿನಿಂದ ಬಂದ ಅಪ್ಪ–ಅಮ್ಮ ಅಡುಗೆಗೆ ನಿಲ್ಲುವ ಮನೆಯಲ್ಲಿ ಚೀಲದ ಮೇಲೆ ಕನ್ನಡದಲ್ಲೇ ‘ಹೂವಿನ ಗೆಡ್ಡೆ, ವಿಷ’ ಎಂದು ದಪ್ಪಕ್ಷರದಲ್ಲಿ ಬರೆದಿಡಿ. ಹಾಗೆಯೇ ಶರತ್ಕಾಲದಲ್ಲಿ ಕ್ರೋಕಸ್‌ನಂತೆ ಅರಳುವ ಕಾಲ್ಚಿಕಮ್ ಎಂಬ ಹೂವಿದೆ, ಅದನ್ನು ‘ಆಟಮ್ ಕ್ರೋಕಸ್’ ಎಂದೇ ಮಾರುತ್ತಾರೆ. ಕೇಸರಿ ಕೊಡುವುದು ಬೇರೆ ಕ್ರೋಕಸ್, ಕಾಶ್ಮೀರದ ಪಾಂಪೋರ್‌ನಲ್ಲಿ ಬೆಳೆಯುವುದು. ಅದರಲ್ಲಿ ಮೂರು ಕೇಸರಗಳಿರುತ್ತವೆ, ಕಾಲ್ಚಿಕಮ್‌ನಲ್ಲಿ ಆರು. ಕಾಲ್ಚಿಕಮ್ ಪ್ರಾಣ ತೆಗೆಯುವಂಥ ವಿಷ.

ಅಳಿಲು, ಜಿಂಕೆ

ಟ್ಯುಲಿಪ್, ಕ್ರೋಕಸ್ ಎರಡೂ ಅಳಿಲಿಗೆ ಬಲು ಇಷ್ಟ. ಡ್ಯಾಫೋಡಿಲ್, ಸ್ನೋಡ್ರಾಪ್, ಅಲಿಯಮ್, ಫ್ರಿಟಿಲೇರಿಯಾ, ಹಯಸಿಂತ್‌ಗಳನ್ನು ಅದು ಬಹುಮಟ್ಟಿಗೆ ಮುಟ್ಟುವುದಿಲ್ಲ. ಕ್ರೋಕಸ್‌ನಲ್ಲೂ ‘ಟಾಮಿ’ ಎಂದು ಕರೆಯುವ ತಿಳಿನೇರಳೆಯ ಟೊಮಸಿನಿಯಾನಸ್ ಜಾತಿಗೆ ಕಾಟ ಕಡಿಮೆ, ಹುಲ್ಲುಹಾಸಿನಲ್ಲಿ ಹರಡಲು ಅದೇ ಒಳ್ಳೆಯದು.

ಅಳಿಲಿಗೆ ಗೆಡ್ಡೆ ಎಲ್ಲಿದೆ ಎಂದು ತೋರಿಸುವುದು ಹೊಸದಾಗಿ ಅಗೆದ ಮಣ್ಣು ಮತ್ತು ಉದುರಿದ ಸಿಪ್ಪೆ. ಸಿಪ್ಪೆಯನ್ನೆಲ್ಲ ಆರಿಸಿ ತೆಗೆಯಿರಿ. ಮಣ್ಣನ್ನು ಗಟ್ಟಿಯಾಗಿ ಒತ್ತಿ, ಮೇಲೆ ಒಂದಿಂಚು ಕಣ್ಣಿನ ಕೋಳಿಜಾಲರಿ ಹಾಸಿ, ಅಂಚಿಗೆ ಕಲ್ಲು ಅಥವಾ ಮೊಳೆ ಕೊಡಿ. ನೆಲ ಹೆಪ್ಪುಗಟ್ಟಿದ ಮೇಲೆ ಜಾಲರಿ ತೆಗೆಯಬಹುದು, ಬಿಟ್ಟರೂ ಮೊಳಕೆ ಅದರ ಕಣ್ಣಿನಿಂದ ಏಳುತ್ತದೆ. ಖಾರದಪುಡಿ ಉದುರಿಸುವ ಉಪಾಯ ಒಂದು ಮಳೆಯವರೆಗೆ ಮಾತ್ರ. ಬಿಲ ಕೊರೆದು ಕೆಳಗಿನಿಂದ ಬರುವ ಇಲಿಜಾತಿಯ ವೋಲ್‌ಗಳಿದ್ದರೆ ಅರ್ಧ ಇಂಚು ಕಣ್ಣಿನ ಗಟ್ಟಿ ಜಾಲರಿಯನ್ನು ಗುಂಡಿಯ ತಳಕ್ಕೂ ಪಕ್ಕಕ್ಕೂ ಬುಟ್ಟಿಯಂತೆ ಇಟ್ಟು ಅದರೊಳಗೆ ನೆಡಿ. ಜಿಂಕೆ ಓಡಾಡುವ ಬಡಾವಣೆಯಲ್ಲಿ ಟ್ಯುಲಿಪ್ ಮೊಗ್ಗು ಉಳಿಯುವುದು ಕಷ್ಟ. ಬೇಲಿಯಿಲ್ಲದಿದ್ದರೆ ಅಲ್ಲಿ ಡ್ಯಾಫೋಡಿಲ್, ಅಲಿಯಮ್‌ಗೆ ತೃಪ್ತರಾಗಿ.

ಚಳಿಗಾಲ

ಹೊದಿಕೆ ಹಾಕುವುದು ನೆಲ ಹೆಪ್ಪುಗಟ್ಟಿದ ಮೇಲೆ. ಅದರ ಉದ್ದೇಶ ಬೆಚ್ಚಗಿಡುವುದಲ್ಲ, ಹೆಪ್ಪುಗಟ್ಟಿದ ನೆಲ ಮತ್ತೆ ಮತ್ತೆ ಕರಗದಂತೆ ನೋಡಿಕೊಳ್ಳುವುದು. ಕರಗಿ–ಹೆಪ್ಪುಗಟ್ಟುವ ಆಟದಲ್ಲಿ ಮಣ್ಣು ಉಬ್ಬಿ ಗೆಡ್ಡೆಯನ್ನು ಮೇಲಕ್ಕೆ ತಳ್ಳುತ್ತದೆ, ಬೇರು ಹರಿಯುತ್ತದೆ. ಚೂರು ಮಾಡಿದ ಒಣ ಎಲೆ ಅಥವಾ ಮರದ ತೊಗಟೆ ಎರಡರಿಂದ ಮೂರು ಇಂಚು ಸಾಕು. ಇಡೀ ಮೇಪಲ್ ಎಲೆಗಳು ಒದ್ದೆಯಾಗಿ ಹಪ್ಪಳದಂತೆ ಅಂಟಿಕೊಂಡು ಮೊಳಕೆಯನ್ನು ತಡೆಯುತ್ತವೆ, ಅವನ್ನು ಲಾನ್ ಮೂವರ್‌ನಿಂದ ಕತ್ತರಿಸಿ ಹಾಕಿ.

ಜನವರಿಯ ಬೆಚ್ಚನೆಯ ವಾರವೊಂದರಲ್ಲಿ ಎರಡಿಂಚು ಎಲೆ ಮೇಲೆ ಬಂದರೆ ಗಾಬರಿಯಾಗಬೇಡಿ. ಎಲೆ ಹಿಮವನ್ನು ತಾಳುತ್ತದೆ, ತುದಿ ಕಂದಾದರೂ ಹೂಮೊಗ್ಗು ಇನ್ನೂ ಮಣ್ಣಿನೊಳಗಿರುತ್ತದೆ. ಅರಳಿದ ಹೂವಿನ ಮೇಲೆ ಹಿಮ ಬಿದ್ದು ತಲೆಬಾಗಿದರೂ ಹಿಮ ಕರಗಿದಾಗ ಎದ್ದು ನಿಲ್ಲುತ್ತದೆ, ಕೈಯಿಂದ ಕೊಡವಲು ಹೋಗಬೇಡಿ.

ಕುಂಡದ ಲೆಕ್ಕ ಬೇರೆ. ನೆಲದಲ್ಲಿ ಚಳಿ ಮೇಲಿನಿಂದ ಮಾತ್ರ ಇಳಿಯುತ್ತದೆ, ಕುಂಡಕ್ಕೆ ಎಲ್ಲ ಕಡೆಯಿಂದ ಹೊಡೆಯುತ್ತದೆ. 6ನೇ ವಲಯದಲ್ಲಿ ಬಾಲ್ಕನಿಯ ಕುಂಡದ ಗೆಡ್ಡೆ ಪೂರ್ತಿ ಹೆಪ್ಪುಗಟ್ಟಿ ಮೆತ್ತಗಾಗುತ್ತದೆ. ಅಕ್ಟೋಬರ್‌ನಲ್ಲಿ ಕುಂಡದಲ್ಲಿ ನೆಟ್ಟು, ಆರು ವಾರ ಹೊರಗೆ ಬೇರೂರಿಸಿ, ಕಡುಚಳಿಗೆ ಮುನ್ನ ಬಿಸಿ ಇಲ್ಲದ ಗ್ಯಾರೇಜಿಗೆ ಸಾಗಿಸಿ. ತಿಂಗಳಿಗೊಮ್ಮೆ ಒಂದು ಲೋಟ ನೀರು. ಮಾರ್ಚ್‌ನಲ್ಲಿ ಮೊಳಕೆ ಕಂಡಾಗ ಹೊರಗಿಡಿ.

ಹೂ ಬಾಡಿದ ಮೇಲಿನ ಆರು ವಾರ

ಮೊಳಕೆ ಎರಡಿಂಚು ಬಂದಾಗ ನಿಧಾನವಾಗಿ ಕರಗುವ 5-10-10ರಂಥ ಗೊಬ್ಬರವನ್ನು ತೆಳುವಾಗಿ ಉದುರಿಸಿ ನೀರು ಕೊಡಿ. ಸಾರಜನಕ ಹೆಚ್ಚಿರುವ ಲಾನ್ ಗೊಬ್ಬರ ಎಲೆಯನ್ನಷ್ಟೇ ಕೊಬ್ಬಿಸುತ್ತದೆ.

ಟ್ಯುಲಿಪ್, ಡ್ಯಾಫೋಡಿಲ್ ಎಸಳು ಉದುರಿದ ಕೂಡಲೇ ಹೂವಿನ ತಲೆಯನ್ನು ಚಿವುಟಿ, ಇಲ್ಲವಾದರೆ ಶಕ್ತಿ ಬೀಜಕ್ಕೆ ಹೋಗುತ್ತದೆ. ದಂಟು ಇರಲಿ, ಅದೂ ಹಸಿರು, ಆಹಾರ ತಯಾರಿಸುತ್ತದೆ. ಸಿಲ್ಲಾ, ಸ್ನೋಡ್ರಾಪ್, ಕ್ರೋಕಸ್‌ಗಳಲ್ಲಿ ಬೀಜ ಆಗಲು ಬಿಡಿ, ಅವು ಹರಡುವುದೇ ಹಾಗೆ. ಹೂದಾನಿಗೆ ಟ್ಯುಲಿಪ್ ಕೊಯ್ಯುವಾಗ ಎರಡು ದೊಡ್ಡ ಎಲೆಗಳನ್ನಾದರೂ ಗಿಡದಲ್ಲಿ ಉಳಿಸಿ.

ಆಮೇಲಿನದೇ ಕಷ್ಟದ ಕೆಲಸ: ಏನೂ ಮಾಡದೆ ಇರುವುದು. ಮೇ ತಿಂಗಳಿಡೀ ಎಲೆಗಳು ಬಾಗಿ, ಹಳದಿಯಾಗಿ, ಅಸ್ತವ್ಯಸ್ತ ಬಿದ್ದಿರುತ್ತವೆ. ಅತಿಥಿಗಳು ಬರುತ್ತಾರೆಂದು ಕತ್ತರಿಸುವುದು, ಜಡೆಯಂತೆ ಹೆಣೆದು ರಬ್ಬರ್‌ಬ್ಯಾಂಡ್ ಹಾಕುವುದು ಎರಡೂ ಮುಂದಿನ ವರ್ಷದ ಹೂವನ್ನು ಕಸಿಯುತ್ತವೆ. ಗೆಡ್ಡೆ ತುಂಬುವುದು, ಮುಂದಿನ ಹೂಮೊಳಕೆಗೆ ಬೇಕಾದ ಆಹಾರ ಸಿಗುವುದು ಈ ಎಲೆಗಳಿಂದಲೇ. ಡ್ಯಾಫೋಡಿಲ್‌ನಲ್ಲಂತೂ ಮರುವರ್ಷದ ಹೂ ಇದೇ ಮೇ–ಜೂನ್‌ನಲ್ಲಿ ಗೆಡ್ಡೆಯೊಳಗೆ ರೂಪುಗೊಳ್ಳಲು ತೊಡಗುತ್ತದೆ. ಎಲೆಯ ಅರ್ಧದಷ್ಟಾದರೂ ಹಳದಿಯಾಗಿ, ಮೆಲ್ಲಗೆ ಎಳೆದರೆ ಕೈಗೆ ಬರುವವರೆಗೆ ಬಿಡಿ. ಕನಿಷ್ಠ ಆರು ವಾರ. ಆ ನೋಟ ಮುಚ್ಚಲು ಹೋಸ್ಟಾ, ಡೇಲಿಲಿಯಂಥ ಗಿಡಗಳನ್ನು ಮುಂದೆ ನೆಡಿ, ಇವು ಬೆಳೆದು ಅಗಲವಾಗುವ ಹೊತ್ತೂ ಅದೇ. ಹುಲ್ಲುಹಾಸಿನಲ್ಲಿ ನೆಟ್ಟಿದ್ದರೆ ಆ ತುಂಡನ್ನು ಅಷ್ಟು ದಿನ ಕತ್ತರಿಸಬೇಡಿ. ಮಳೆಯಿಲ್ಲದ ವಸಂತದಲ್ಲಿ ಎಲೆ ಹಸಿರಿರುವವರೆಗೆ ನೀರು ಕೊಡಿ, ಎಲೆ ಒಣಗಿದ ಮೇಲೆ ಟ್ಯುಲಿಪ್ ಜಾಗಕ್ಕೆ ಸ್ಪ್ರಿಂಕ್ಲರ್ ಬೀಳದಂತೆ ತಿರುಗಿಸಿ.

ಕೆಟ್ಟದ್ದು ಎಲ್ಲಿ ಎಂದು ಪತ್ತೆ ಮಾಡುವುದು

ವಸಂತದಲ್ಲಿ ಏನೂ ಬರಲಿಲ್ಲವೆಂದರೆ ಅಗೆದು ನೋಡಿ. ಗೆಡ್ಡೆಯೇ ಇಲ್ಲದಿದ್ದರೆ ಅಳಿಲು ಅಥವಾ ವೋಲ್. ಬೂದುಬಣ್ಣದ ಮುದ್ದೆಯಾಗಿದ್ದರೆ ನೀರು ನಿಂತಿದೆ. ಗಟ್ಟಿಯಾಗಿದ್ದು ಬೇರೇ ಇಲ್ಲದಿದ್ದರೆ ಶರತ್ಕಾಲದಲ್ಲಿ ಮಣ್ಣು ಒಣಗಿತ್ತು ಅಥವಾ ನೆಟ್ಟದ್ದು ತೀರಾ ತಡವಾಯಿತು.

ಡ್ಯಾಫೋಡಿಲ್ ಎಲೆ ಸೊಂಪಾಗಿ ಬಂದು ಹೂ ಇಲ್ಲದಿದ್ದರೆ ಸಾಮಾನ್ಯ ಕಾರಣ ಇಕ್ಕಟ್ಟು. ಗೆಡ್ಡೆಗಳು ಒಂದಕ್ಕೊಂದು ಒತ್ತಿಕೊಂಡು ಯಾವುದೂ ದಪ್ಪವಾಗಿರುವುದಿಲ್ಲ. ನೆರಳು ಹೆಚ್ಚಾಗಿರಬಹುದು, ಹಿಂದಿನ ವರ್ಷ ಎಲೆ ಬೇಗ ಕತ್ತರಿಸಿರಬಹುದು. ಹುಲ್ಲಿನಂತೆ ತೆಳ್ಳಗಿನ ಎಲೆಗಳಷ್ಟೇ ಬಂದರೆ ಒಂದು ಗೆಡ್ಡೆ ಅಗೆದು ಸೀಳಿ, ಒಳಗೆ ಕೊಬ್ಬಿದ ಬೂದುಬಿಳಿ ಹುಳು ಒಂದೇ ಒಂದು ಇದ್ದರೆ ಅದು ಡ್ಯಾಫೋಡಿಲ್ ನೊಣದ್ದು. ಆ ಗೆಡ್ಡೆಯನ್ನು ಕಸಕ್ಕೆ ಹಾಕಿ, ಕಾಂಪೋಸ್ಟ್‌ಗಲ್ಲ. ಎಲೆ ಒಣಗಿದಾಗ ಮಣ್ಣಿನಲ್ಲಿ ಉಳಿಯುವ ತೂತನ್ನು ಮುಚ್ಚಿಬಿಟ್ಟರೆ ಆ ನೊಣಕ್ಕೆ ಗೆಡ್ಡೆಯವರೆಗೆ ದಾರಿ ಸುಲಭವಾಗುವುದಿಲ್ಲ.

ಟ್ಯುಲಿಪ್ ಎಲೆ ಸುಟ್ಟಂತೆ ಕಂದಾಗಿ ತಿರುಚಿ, ಎಸಳಿನ ಮೇಲೆ ಚುಕ್ಕೆಗಳೆದ್ದರೆ ಅದು ಬೆಂಕಿರೋಗ, ಬೊಟ್ರೈಟಿಸ್ ಶಿಲೀಂಧ್ರದ್ದು. ಗಿಡವನ್ನು ಗೆಡ್ಡೆಸಮೇತ ಕಿತ್ತು ಕಸದ ಚೀಲಕ್ಕೆ ಕಟ್ಟಿ ಹಾಕಿ, ಮೂರು ವರ್ಷ ಆ ಜಾಗದಲ್ಲಿ ಟ್ಯುಲಿಪ್ ಬೇಡ. ಒಂದೇ ಬಣ್ಣದ ತಳಿಯಲ್ಲಿ ಇದ್ದಕ್ಕಿದ್ದಂತೆ ಗರಿಗೆರೆಗಳು ಮೂಡಿದರೆ ನೋಡಲು ಚಂದವೇ, ಆದರೆ ಅದು ಗಿಡಹೇನು ಹರಡುವ ವೈರಸ್. ಅದನ್ನೂ ಕೀಳಲೇಬೇಕು.

ಮೊಗ್ಗು ಬಂದು ಕಾಗದದಂತೆ ಒಣಗಿದರೆ ಮೊಗ್ಗಿನ ಹೊತ್ತಿಗೆ ನೀರು ಸಾಲಲಿಲ್ಲ, ಅಥವಾ ಗೆಡ್ಡೆಯನ್ನು ಹಣ್ಣಿನ ಜೊತೆ ಇಟ್ಟಿದ್ದಿರಿ.

ಬೆಚ್ಚನೆಯ ಊರುಗಳಲ್ಲಿ

ಡಲ್ಲಾಸ್, ಹ್ಯೂಸ್ಟನ್, ಬೇ ಏರಿಯಾಗಳಲ್ಲಿ ನೆಲ ಕೊಡದ ಚಳಿಯನ್ನು ಫ್ರಿಜ್ ಕೊಡಬೇಕು. ಟ್ಯುಲಿಪ್ ಗೆಡ್ಡೆಯನ್ನು ಗಾಳಿಯಾಡುವ ಕಾಗದದ ಚೀಲದಲ್ಲಿ ಸೆಪ್ಟೆಂಬರ್ ಕೊನೆಗೆ ಫ್ರಿಜ್‌ಗೆ ಹಾಕಿ, 35ರಿಂದ 45 ಫ್ಯಾರನ್‌ಹೀಟ್‌ನಲ್ಲಿ 12 ವಾರ ಇಟ್ಟು, ಡಿಸೆಂಬರ್ ಕೊನೆಯಲ್ಲಿ ತೆಗೆದ ದಿನವೇ ನೆಡಿ. ಅದೇ ಫ್ರಿಜ್‌ನಲ್ಲಿ ಸೇಬು, ಬಾಳೆ, ಪೇರಲೆ ಇರಬಾರದು, ಹಣ್ಣಾಗುವಾಗ ಅವು ಬಿಡುವ ಎಥಿಲೀನ್ ಹೂಮೊಳಕೆಯನ್ನು ಕೊಲ್ಲುತ್ತದೆ. ಇಷ್ಟೆಲ್ಲ ಮಾಡಿದರೂ ಹೂ ಒಂದೇ ವರ್ಷ. ನೆಲದಲ್ಲೇ ಬಿಟ್ಟು ವರ್ಷವರ್ಷ ನೋಡಬೇಕೆಂದರೆ ಟಜೆಟಾ ಗುಂಪಿನ ಗೊಂಚಲು ಡ್ಯಾಫೋಡಿಲ್ ಆರಿಸಿ, ಅದಕ್ಕೆ ಚಳಿಯ ಹಂಗು ಕಡಿಮೆ. ‘ಗ್ರ್ಯಾಂಡ್ ಪ್ರಿಮೊ’ ಅಮೆರಿಕದ ದಕ್ಷಿಣದಲ್ಲಿ ಹಳೆಯ ಮನೆಗಳ ಅಂಗಳದಲ್ಲಿ ತಾನೇ ತಾನಾಗಿ ಉಳಿದುಕೊಂಡು ಬಂದ ತಳಿ. ಟ್ಯುಲಿಪ್‌ಗಳಲ್ಲಿ ಕ್ಲೂಸಿಯಾನಾ ಒಂದೇ ಅಲ್ಲಿ ಸ್ವಲ್ಪ ನಂಬಿಕೆಯದು.

ಬೆಂಗಳೂರಿನಲ್ಲಿ ಡಿಸೆಂಬರ್ ರಾತ್ರಿಯೂ 15 ಡಿಗ್ರಿಯ ಆಸುಪಾಸು, ನೆಲದಲ್ಲಿ ಟ್ಯುಲಿಪ್ ಉಳಿಯುವ ಮಾತೇ ಇಲ್ಲ. ಊರಿಗೆ ಹೋಗುವಾಗ ಸೂಟ್‌ಕೇಸಿನಲ್ಲಿ ಗೆಡ್ಡೆ ಒಯ್ಯುವುದು ಕಾನೂನಿಗೂ ಸರಿಯಲ್ಲ, ಅನುಮತಿಪತ್ರ ಮತ್ತು ಸಸ್ಯಾರೋಗ್ಯ ಪ್ರಮಾಣಪತ್ರ ಬೇಕು. ಅಲ್ಲಿನ ಅಂಗಳಕ್ಕೆ ಮಣ್ಣಲ್ಲೇ ಮಲಗಿ ಮೊದಲ ಮಳೆಗೆ ಏಳುವ ಮಳೆಲಿಲ್ಲಿ, ಕೆಂಪು ಚೆಂಡಿನ ಮೇ ಹೂ ಇವೆ, ನೆಟ್ಟರೆ ಹತ್ತಾರು ವರ್ಷ ಬರುತ್ತವೆ.

ಗುಂಪು ಬಿಡಿಸುವುದು

ನಾಲ್ಕೈದು ವರ್ಷಕ್ಕೊಮ್ಮೆ, ಅಥವಾ ಹೂ ಕಡಿಮೆಯಾಯಿತೆನ್ನಿಸಿದ ವರ್ಷ, ಡ್ಯಾಫೋಡಿಲ್ ಗುಂಪನ್ನು ಬಿಡಿಸಬೇಕು. ಜಾಗ ಮರೆತುಹೋಗುತ್ತದೆ, ಆದ್ದರಿಂದ ಹೂವಿರುವಾಗಲೇ ಗೂಟ ನೆಟ್ಟು ಗುರುತು ಮಾಡಿ. ಜೂನ್ ಕೊನೆಗೆ ಎಲೆ ಒಣಗಿ ಇನ್ನೂ ಅಂಟಿಕೊಂಡಿರುವಾಗ ಗುಂಪಿನಿಂದ ಆರಿಂಚು ದೂರದಲ್ಲಿ ಗಾರ್ಡನ್ ಫೋರ್ಕ್ ಇಳಿಸಿ ಇಡೀ ಮುದ್ದೆಯನ್ನು ಎತ್ತಿ. ಸಲಿಕೆ ಬಳಸಿದರೆ ಗೆಡ್ಡೆ ತುಂಡಾಗುತ್ತದೆ. ಮಣ್ಣು ಕೊಡವಿ, ತಾನಾಗಿ ಬಿಡಿಯಾಗುವ ಮರಿಗಳನ್ನಷ್ಟೇ ಬಿಡಿಸಿ. ತಳದ ಬಿಲ್ಲೆ ಒಂದೇ ಆಗಿರುವ ಜೋಡಿಗಳನ್ನು ಮುರಿಯಬೇಡಿ. ಮೆತ್ತಗಾದವನ್ನು ಎಸೆದು, ಉಳಿದವನ್ನು ಆ ದಿನವೇ ಆರಿಂಚು ಅಂತರದಲ್ಲಿ ಮತ್ತೆ ನೆಡಬಹುದು. ಇಲ್ಲವಾದರೆ ಈರುಳ್ಳಿಯ ಬಲೆಚೀಲಕ್ಕೆ ಹಾಕಿ, ಹೆಸರು ಬರೆದು, ಬಿಸಿಲು ತಾಕದ ಗ್ಯಾರೇಜಿನಲ್ಲಿ ಅಕ್ಟೋಬರ್‌ವರೆಗೆ ತೂಗುಹಾಕಿ. ಪ್ಲಾಸ್ಟಿಕ್ ಚೀಲ ಬೇಡ, ಬೆವತು ಕೊಳೆಯುತ್ತದೆ. ಗೋಲಿಗಿಂತ ಸ್ವಲ್ಪ ದೊಡ್ಡ ಮರಿಗಳನ್ನು ತರಕಾರಿ ಮಡಿಯ ಮೂಲೆಯಲ್ಲಿ ಬೇರೆಯಾಗಿ ನೆಡಿ, ಅವು ಹೂವಿಗೆ ಬರಲು ಎರಡು–ಮೂರು ವರ್ಷ ಹಿಡಿಯುತ್ತದೆ. ಬಿಡಿಸಿದ ಮರುವಸಂತದಲ್ಲಿ ದೊಡ್ಡ ಗೆಡ್ಡೆಗಳಲ್ಲೂ ಹೂ ಕಡಿಮೆ ಕಂಡರೆ ಕೀಳಬೇಡಿ, ಅದರ ಮುಂದಿನ ವರ್ಷಕ್ಕೆ ಸರಿಹೋಗುತ್ತದೆ.